ಹೂಂ ಅಂದವರು

ಬಾಗಿಲು ಮುಂದಕ್ಕೆ ಹಾಕಿ. ಹೇಳುತ್ತೇನೆ. ಕತೆ ಕೇಳುವವರು ಹೂಂ ಹೂಂ ಎನ್ನಬೇಕು ಎಂಬುದು ರೂಢಿ. ಈ ಕತೆಗೆ ಬೇಡ. ಸುಮ್ಮನೆ ಕೇಳಿ.

ಶ್ರೀನಿವಾಸ ನಮ್ಮ ಓಣಿಯವನು. ಅಕ್ಕಲಕೋಟದ ಕನ್ನಡ ಸಾಲಿಯ ಮಾಸ್ತರಬಾಯಿ ಮಂದಾಕಿನಿಯ ಮಗ. ತಂದೆ ಬೇಗ ಹೋಗಿದ್ದ. ಹುಡುಗ ಓದಿ ಮುಂಬೈ ಸೇರಿದ್ದ. ಆಗ ಎಮರ್ಜೆನ್ಸಿ. ಬಸ್ಸುಗಳು ವೇಳೆಗೆ ಸರಿಯಾಗಿ ಓಡುತ್ತವೆ ಎಂದು ಎಲ್ಲರೂ ಹೊಗಳುತ್ತಿದ್ದರು. ಅವತ್ತು ಸೊಲ್ಲಾಪುರ ಬಿಟ್ಟ ಕಡೆಯ ಬಸ್ಸು ಮಾತ್ರ ವಳಸಂಗ ದಾಟಿ ಟಾಯರು ಒಡೆದು ನಿಂತಿತು. ಅದು ಶ್ರೀನಿವಾಸನನ್ನು ಊರ ಹೊರಗೆ ಇಳಿಸುವ ಹೊತ್ತಿಗೆ ಊರಿನಲ್ಲಿ ಒಂದು ದೀಪವೂ ಉಳಿದಿರಲಿಲ್ಲ.

ಮನೆಗೆ ಎರಡು ದಾರಿ. ಪೇಟೆಯ ಮೇಲೆ ಹೋದರೆ ಸುತ್ತು. ಹೊಲದ ದಾರಿ ಹತ್ತಿರ, ಆದರೆ ಅದು ಚಿಂಚೇಬಾವಿಯ ಮಗ್ಗುಲಲ್ಲೇ ಹೋಗುತ್ತದೆ. ಮರಾಠಿಯಲ್ಲಿ ಚಿಂಚ ಎಂದರೆ ಹುಣಸೆ. ಮರ ಹೋಗಿ ಎಷ್ಟೋ ಕಾಲವಾಯಿತು. ಬಾವಿಗೆ ಹೆಸರು ಉಳಿದಿದೆ.

ಅವನು ಹೊಲದ ದಾರಿ ಹಿಡಿದ.

ಕೈಚೀಲದ ಹಿಡಿ ಕಿರ್... ಕಿರ್ ಎನ್ನುತ್ತಿತ್ತು. ಎರಡೂ ಕಡೆ ಜೋಳದ ಎಲೆ ಸರ ಸರ. ಬಾವಿ ಹತ್ತಿರ ಬಂದಂತೆ ಹುಳಗಳ ಸದ್ದು ನಿಂತಿತು. ಹಿಂದಿನಿಂದ ಕೋಲು ಊರುವ ಸದ್ದು. ಠಕ್... ಠಕ್...

"ಶೀನಪ್ಪಾ?"

"ಹೂಂ."

ಶ್ರೀನಿವಾಸ ನಿಂತುಬಿಟ್ಟ. ಅವನು ಬಾಯಿ ತೆರೆದಿರಲಿಲ್ಲ.

ಹಿಂದಿನಿಂದ ಕರೆದವನು ಕುರಿ ಕಾಯುವ ಅಮೋಗಸಿದ್ಧ. ಕಂಬಳಿ ಹೊದ್ದು ಹತ್ತಿರ ಬಂದ. ಬಂದವನು ಶ್ರೀನಿವಾಸನ ಮುಖ ನೋಡಿದ. ಆಮೇಲೆ ಬಾವಿಯ ಕಡೆ ನೋಡಿದ.

"ನೀವ ಇಲ್ಲೆ ಅದೀರಲ್ರಿ?" ಎಂದ. ದನಿ ಇಳಿದಿತ್ತು.

"ಇಲ್ಲೇ ಇದ್ದೀನಿ."

"ಹೂಂ ಅಂದದ್ದು ಅತ್ಲಾಗಿಂದ ಬಂತು."

"ನಾ ಅಂದಿಲ್ಲ ಅಮೋಗಸಿದ್ಧ."

"ದನಿ ನಿಮ್ಮದ ಐತಿ. ಬೀರೋಬಾನ ಆಣಿ."

ಇಬ್ಬರೂ ಕಿವಿಗೊಟ್ಟರು. ಬಾವಿ ಸುಮ್ಮನಿತ್ತು.

"ನಡೀರಿ," ಎಂದ ಅಮೋಗಸಿದ್ಧ. "ಹೊಳ್ಳಿ ನೋಡಬ್ಯಾಡ್ರಿ. ನಾ ಏನ ಅಂಜಿಲ್ಲ ಮತ್ತ. ಕುರಿ ಅಂಜತಾವ."

"ಕುರಿ ಎಲ್ಲಿ ಅದಾವೋ?"

"ಹಟ್ಟ್ಯಾಗ."

ಮನೆಯ ಮೂಲೆ ಬರುವವರೆಗೆ ಅಮೋಗಸಿದ್ಧ ಅವನ ಭುಜಕ್ಕೆ ಭುಜ ತಾಗಿಸಿಕೊಂಡೇ ನಡೆದ. ಶ್ರೀನಿವಾಸನ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಆ ಹೂಂ ಅವನಿಗೆ ಹೊಸದಲ್ಲ. ಅದನ್ನು ಮುಂಬೈಯಲ್ಲಿ ಬಿಟ್ಟು ಬಂದೆ ಎಂದುಕೊಂಡಿದ್ದ.

ಮುಂಬೈಯದು ಹೇಳಬೇಕು.

ಅಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ ಅವನು ಕಲಿಯುತ್ತಿದ್ದ ವಿದ್ಯೆಗೆ ಕ್ರಿಟಿಕಾಲಿಟಿ ಸೇಫ್ಟಿ ಎಂದು ಹೆಸರು. ಅಣುಶಕ್ತಿಗೆ ಬಳಸುವ ಕೆಲವು ಲೋಹಗಳಿವೆ. ಸ್ವಲ್ಪ ಇದ್ದರೆ ಸುಮ್ಮನಿರುತ್ತವೆ. ಒಂದೇ ಕಡೆ ಹೆಚ್ಚು ಕೂಡಿದರೆ, ಇಲ್ಲವೇ ಸುತ್ತ ನೀರು ಬಂದರೆ, ಒಳಗೊಳಗೇ ಒಂದು ಅಣು ಇನ್ನೊಂದನ್ನು ಎಬ್ಬಿಸುತ್ತದೆ. ಅದಕ್ಕೊಂದು ಮಿತಿ. ಮಿತಿ ದಾಟಿದರೆ ನೀಲಿ ಬೆಳಕು ಮಿಂಚಿ ಹೋಗುತ್ತದೆ. ಸದ್ದಿಲ್ಲ, ಹೊಗೆಯಿಲ್ಲ. ಪಕ್ಕದಲ್ಲಿ ನಿಂತವನು ತನ್ನ ಕಾಲ ಮೇಲೆ ತಾನೇ ನಡೆದು ಹೊರಗೆ ಬರುತ್ತಾನೆ. ನೀರು ಕೇಳುತ್ತಾನೆ. ಕೆಲವು ದಿನಕ್ಕೆ ಸಾಯುತ್ತಾನೆ. ಅಮೆರಿಕದಲ್ಲಿ ಹಾಗೆ ಸತ್ತವರಿದ್ದಾರೆ. ಆ ಮಿತಿ ಎಲ್ಲಿದೆ ಎಂದು ಅದನ್ನು ಮುಟ್ಟದೆ ತಿಳಿಯುವುದೇ ಈ ವಿದ್ಯೆ.

ಪ್ರೊಫೆಸರು ಮೊದಲ ದಿನವೇ ಹೇಳಿದ್ದರು. "ಮನುಷ್ಯನ ಮೈ ಬಹುಪಾಲು ನೀರು. ಪಾತ್ರೆಯ ಹತ್ತಿರ ನೀವು ಸುಮ್ಮನೆ ಹೋಗಿ ನಿಂತರೂ ಅದು ಎಚ್ಚರವಾಗುತ್ತದೆ. ನಾನು ಬರೀ ನೋಡುವವನು ಎಂದುಕೊಳ್ಳಬೇಡಿ. ಹತ್ತಿರ ಹೋದವನು ಅದರಲ್ಲಿ ಒಬ್ಬ."

ಕಲಿಕೆಗೆ ಒಂದು ದೊಡ್ಡ ಅಲ್ಯೂಮಿನಿಯಂ ತೊಟ್ಟಿ ಇತ್ತು. ಒಳಗೆ ಯುರೇನಿಯಂ ಸರಳುಗಳು. ಸ್ವಲ್ಪಸ್ವಲ್ಪವಾಗಿ ನೀರು ಬಿಡುವುದು, ಒಳಗೆ ಎಷ್ಟು ಎಚ್ಚರವಾಯಿತೆಂದು ಪ್ರತಿ ಸಲ ಯಂತ್ರದಲ್ಲಿ ಎಣಿಕೆ ನೋಡುವುದು. ಆ ತೊಟ್ಟಿ ಏನು ಮಾಡಿದರೂ ಮಿತಿ ದಾಟಲಾರದು. ಆದರೆ ದಾಟಬಲ್ಲದು ಎಂದೇ ತಿಳಿದು ನಡೆಯಬೇಕೆಂದು ಕಟ್ಟಪ್ಪಣೆ.

ಇಬ್ಬರ ಕೆಲಸ ಅದು. ನೀರಿನ ತಿರುಪಿನ ಹತ್ತಿರ ನಾಗೇಶ. ಸೊಲ್ಲಾಪುರದವನು, ಶ್ರೀನಿವಾಸನ ಜೊತೆಗೇ ಓದಿದವನು. ನಡುವೆ ದಪ್ಪ ಗೋಡೆ. ಗೋಡೆಯಾಚೆ ಎಣಿಕೆಯ ಯಂತ್ರದ ಮುಂದೆ ಶ್ರೀನಿವಾಸ. ಮಾತಾಡುವ ಪೆಟ್ಟಿಗೆ ಕೆಟ್ಟು ತಿಂಗಳಾಗಿತ್ತು. ಗೋಡೆಯಲ್ಲಿ ಒಂದು ಕಿಂಡಿ. ಅದರಿಂದ ನಾಗೇಶ "ಶೀನೂ?" ಎಂದು ಕರೆಯಬೇಕು. ಎಣಿಕೆ ಸರಿ ಇದ್ದರೆ ಇವನು ಹೂಂ ಎನ್ನಬೇಕು. ಆಗ ಮಾತ್ರ ಮುಂದಿನ ನೀರು.

ಸರಿ ಇಲ್ಲದಿದ್ದರೆ ಸುಮ್ಮನಿರಬೇಕು. ಬೇಡ ಎಂದು ಕೂಗುವಂತಿಲ್ಲ. ಕೂಗಿದ್ದು ಕೇಳಿಸದೆ ಹೋದೀತು, ತಪ್ಪಾಗಿ ಕೇಳಿಸೀತು. ಸುಮ್ಮನಿರುವುದು ತಪ್ಪಾಗಿ ಕೇಳಿಸುವುದಿಲ್ಲ. ಉತ್ತರ ಬರಲಿಲ್ಲವೇ, ಕೈ ಹಿಂದಕ್ಕೆ. ಇದು ಅಲ್ಲಿಯ ನಿಯಮ.

ಅಂಥ ಒಂದು ರಾತ್ರಿ. ಯಂತ್ರ ಟಿಕ್... ಟಿಕ್... ಎನ್ನುತ್ತಿತ್ತು. ಆಮೇಲೆ ಟಿಕ್ ಟಿಕ್ ಟಿಕ್. ಇರಬೇಕಾದ್ದಕ್ಕಿಂತ ಜೋರು. ಶ್ರೀನಿವಾಸನಿಗೆ ಅನುಮಾನ ಬಂತು. ಇನ್ನೊಮ್ಮೆ ಎಣಿಸಬೇಕೆಂದುಕೊಂಡ.

"ಶೀನೂ?" ಎಂದಿತು ಕಿಂಡಿ.

ಅವನು ಸುಮ್ಮನಿದ್ದ.

"ಹೂಂ."

ತಿರುಪು ಕಿರ್ರೆಂದಿತು. ನೀರು ಗುಳು ಗುಳು ಇಳಿಯಿತು. ಟಿಕ್ ಟಿಕ್ ಹೋಗಿ ಟರ್ರ್... ಎಂದು ಒಂದೇ ಸದ್ದಾಯಿತು. ಶ್ರೀನಿವಾಸ ಕುರ್ಚಿ ಕೆಡವಿ ಗೋಡೆ ಸುತ್ತಿ ಓಡಿದ.

"ಯಾಕ ಬಿಟ್ಟಿ?"

"ನೀನ ಹೂಂ ಅಂದೆಲ್ಲೋ!"

"ಅಂದಿಲ್ಲ. ನಾ ಅಂದಿಲ್ಲ."

"ನಿನ್ನ ದನಿ ನನಗ ಗುರ್ತ ಇಲ್ಲೇನು? ಅಕ್ಕಲಕೋಟ ಮಂದಿ ನೀವು ಮೂಗಿನಾಗ ಹೂಂ ಅಂತೀರಿ, ಎಮ್ಮಿ ನೀರಿಗೆ ಬಂದಂಗ. ಈ ಮುಂಬೈದಾಗ ಹಂಗ ಅನ್ನೂ ಇನ್ನೊಂದ ಪ್ರಾಣಿ ತೋರಸು."

ನಾಗೇಶ ನಕ್ಕ. ಶ್ರೀನಿವಾಸ ನಗಲಿಲ್ಲ. ಆ ಹೂಂ ಅವನಿಗೂ ಕೇಳಿಸಿತ್ತು. ತನ್ನ ದನಿ. ತನ್ನ ಬೆನ್ನ ಹಿಂದಿನಿಂದ.

ಅದು ಒಮ್ಮೆ ಆಗಿ ಬಿಡಲಿಲ್ಲ. ಮತ್ತೆ ಆಯಿತು. ಅವನು ಸುಮ್ಮನಿರಬೇಕೆಂದಾಗೆಲ್ಲ ಆಯಿತು. ಆಗ ನಾಗೇಶನೂ ನಗುವುದು ಬಿಟ್ಟ.

ಪ್ರೊಫೆಸರು ಎಲ್ಲ ಕೇಳಿದರು. ನಂಬಲೂ ಇಲ್ಲ, ಬೈಯಲೂ ಇಲ್ಲ. "ನಿದ್ದೆ ಕಡಿಮೆಯಾಗಿದೆ. ಊರಿಗೆ ಹೋಗಿ ಬನ್ನಿ," ಎಂದರು. "ಮುಂದಿನ ತಿಂಗಳು ನಿಮ್ಮಿಬ್ಬರನ್ನೂ ಬೇರೆ ಕಡೆ ಕಳಿಸಬೇಕು. ಅಲ್ಲಿಯ ಪಾತ್ರೆ ಕಲಿಕೆಯದಲ್ಲ. ಅದು ದಾಟಬಲ್ಲದು."

ಇಬ್ಬರೂ ಒಂದೇ ರೈಲಿನಲ್ಲಿ ಸೊಲ್ಲಾಪುರಕ್ಕೆ ಬಂದರು. ಸ್ಟ್ಯಾಂಡಿನಲ್ಲಿ ಚಹಾ ಕುಡಿದರು. ಬಸ್ಸು ಹೊರಡುವ ಹೊತ್ತಿಗೆ ನಾಗೇಶ ಕಿಟಕಿಯ ಸರಳು ಹಿಡಿದುಕೊಂಡ.

"ಶೀನ್ಯಾ, ಅಲ್ಲೀನೂ ತಿರುಪು ನನ್ನ ಕೈಯಾಗ ಇರ್ತದ."

"ಗೊತ್ತದ."

"ನೀ ಗ್ವಾಡಿ ಆ ಕಡೆ ಕೂತಿರ್ತಿ. ಆರಾಮ. ಪಾತ್ರಿ ಮುಂದ ನಿಂತಾಂವ ನಾನು. ಲಗ್ನ ಆಗಿ ವರ್ಷ ಆಗಿಲ್ಲೋ ನಂದು."

"ಗೊತ್ತದ ಅಂದ್ನಲ್ಲೋ."

"ಹಂಗಾರ ಆ ಹೂಂ ಯಾರ್ದು ಅಂತ ಗೊತ್ತ ಮಾಡ್ಕೊಂಡ ಬಾ. ಇಲ್ಲಾಂದ್ರ ಬರಬ್ಯಾಡ."

ಬಸ್ಸು ಹೊರಟಿತು. ಅಕ್ಕಲಕೋಟ ರಸ್ತೆಯ ಮಗ್ಗದ ಶೆಡ್ಡುಗಳು ಖಟಾ ಖಟಾ ಖಟಾ ಎಂದು ಊರು ಮುಗಿಯುವವರೆಗೆ ಬೆನ್ನು ಹತ್ತಿದವು. ಶ್ರೀನಿವಾಸ ಕಿವಿ ಮುಚ್ಚಿಕೊಂಡು ಕೂತಿದ್ದ.

ಹೀಗೆ ಬಂದವನಿಗೆ ಚಿಂಚೇಬಾವಿಯ ಹತ್ತಿರ ಅದೇ ಹೂಂ ಎದುರಾಗಿತ್ತು.

ಮಂದಾಕಿನಿ ಬಾಗಿಲು ತೆರೆದಳು. ಚಿಮಣಿ ಹಚ್ಚಿದಳು. ತಟ್ಟೆಗೆ ಭಕ್ಕರಿ, ಶೇಂಗಾ ಹಿಂಡಿ, ಮೊಸರು ಹಾಕಿದಳು. ಅವನು ಎರಡು ತುತ್ತು ತಿಂದು ಹೇಳಿದ.

"ಅವ್ವಾ, ಬಾವಿ ಹತ್ರ ಯಾರೋ ನನ್ನ ದನೀಲೆ ಹೂಂ ಅಂದ್ರು."

ಅವಳ ಕೈ ಮೊಸರಿನ ಪಾತ್ರೆಯ ಮೇಲೇ ನಿಂತಿತು. ಹೆದರಿದ ಕೈ ಅಲ್ಲ ಅದು. ಕದ್ದು ಸಿಕ್ಕಿಬಿದ್ದವರ ಕೈ.

"ನಿನಗೂ ಕೇಳಿಸ್ತೇನು?" ಎಂದಳು.

"ನಿನಗೂ ಅಂದ್ರ?"

ಅವಳು ಮೊಸರಿನ ಪಾತ್ರೆ ಮುಚ್ಚಿಟ್ಟಳು. ಆಮೇಲೆ ಪಿಸುದನಿಯಲ್ಲಿ ಹೇಳಿದಳು.

"ನೀ ಮುಂಬೈಕ ಹೋದ ಹೊಸದಾಗ... ಒಂದಿನ ಕತ್ತಲಾಗಿತ್ತು. ರೂಢಿ ನೋಡು, ಶೀನೂ ಅಂತ ಕರದುಬಿಟ್ಟೆ. ಕರದ ಮ್ಯಾಲೆ ನೆನಪಾತು ನೀ ಇಲ್ಲ ಅಂತ. ಅಷ್ಟ್ರಾಗ ಹಿತ್ತಲಕಡಿಂದ ಹೂಂ ಅಂತು."

"ನೀ ಏನ ಮಾಡಿದಿ?"

"ಮರುದಿನ ಮತ್ತ ಕರದೆ."

ಶ್ರೀನಿವಾಸ ತಟ್ಟೆ ಸರಿಸಿದ.

"ಕರದ್ರ ತಪ್ಪದ ಹೂಂ ಅಂತಾಳ," ಎಂದಳು ಮಂದಾಕಿನಿ. "ಅಷ್ಟ. ಬ್ಯಾರೆ ಏನೂ ಇಲ್ಲ. ನನಗ ಅಷ್ಟ ಸಾಕಾಗಿತ್ತು."

ಅಂತದ ಎನ್ನಲಿಲ್ಲ. ಅಂತಾಳ ಎಂದಳು. ಮಾತು ಹೆಣ್ಣಾಗಿ ಬಂತು. ಚಿಮಣಿ ಚಟ್ ಎಂದಿತು.

"ಯಾರವ್ವಾ?"

"ದ್ವಾರಕಾ. ಮತ್ಯಾರು?"

ದ್ವಾರಕಾ ಅವನ ಅಕ್ಕ. ಅವನು ಗಿಡ್ಡ ಚಡ್ಡಿಯ ಹುಡುಗನಾಗಿದ್ದಾಗ ಒಂದು ಮುಚ್ಚಂಜೆ ಚಿಂಚೇಬಾವಿಗೆ ನೀರಿಗೆ ಹೋದವಳು ಇಳಿಯುವ ಪಾವಟಿಗೆಯ ಮೇಲೆ ಕಾಲು ಜಾರಿ ಮುಳುಗಿ ಹೋದಳು. ಮಂದಾಕಿನಿ ಅವತ್ತು ಸಾಲಿಯ ಪರೀಕ್ಷೆ ಎಂದು ತಡವಾಗಿ ಬಂದಿದ್ದಳು. ಹೆಣ ಸಿಕ್ಕದ್ದು ಬೆಳಿಗ್ಗೆ.

"ನೀ ಆಡ್ಲಿಕ್ಕೆ ಹೋಗಿರ್ತಿದ್ದಿ," ಎಂದಳು ಮಂದಾಕಿನಿ. "ನಾ ಹೊರಗಿಂದ ಶೀನೂ ಅಂತ ಕರೀತಿದ್ದೆ. ಅಕಿ ಒಳಗ ಕೂತು ನಿನ್ನ ದನಿ ತಗದು ಹೂಂ ಅಂತಿದ್ಲು. ತಮ್ಮಗ ಬೈಗಳ ತಪ್ಪಲಿ ಅಂತ. ಎಷ್ಟ ಬರೋಬ್ಬರಿ ತಗೀತಿದ್ಲು ಅಂತಿ! ನಾ ಮೋಸ ಹೋದಂಗ ಮಾಡ್ತಿದ್ದೆ. ಈಗೂ ಅದನ್ನ ಮಾಡಾಕತ್ತಾಳ. ನಿನ್ನ ಕಾಯಾಕತ್ತಾಳ. ಅದ್ರಾಗ ತಪ್ಪೇನದ?"

ಶ್ರೀನಿವಾಸ ಅವಳಿಗೆ ತೊಟ್ಟಿಯ ವಿಷಯ ಹೇಳಿದ. ಗೋಡೆಯ ವಿಷಯ, ಕಿಂಡಿಯ ವಿಷಯ. ಮುಂದಿನ ತಿಂಗಳ ಪಾತ್ರೆಯ ವಿಷಯ.

"ಅವ್ವಾ, ಸುಮ್ಮನಿರೂದ ನನ್ನ ಕೆಲಸ. ನಾ ಸುಮ್ಮನ ಕೂತಾಗ ಅಕಿ ಹೂಂ ಅಂದ್ರ ನಾಗೇಶ ಸಾಯ್ತಾನ."

"ಆ ಕೆಲಸ ಬಿಡು."

"ಬಿಟ್ಟು? ಎಲ್ಲಿ ಹೋದ್ರೂ ಯಾರರ ಕರದಽ ಕರೀತಾರ. ನಾ ಬ್ಯಾಡ ಅಂತ ಇರ್ತೀನಿ, ಅಕಿ ಹೂಂ ಅಂದಿರ್ತಾಳ. ನನ್ನ ಜೋಡಿ ಇದ್ದವ್ರು ನನ್ನ ಮಾತು ನಂಬಿ ಸಾಯೂದು. ಹಂಗ ಬದಕ್ಲಿಕ್ಕೆ ಬರೂದಿಲ್ಲ."

ಮಂದಾಕಿನಿ ಸೆರಗು ಬಾಯಿಗೆ ಹಿಡಿದಳು. ಅವನು ಇನ್ನೊಂದು ಮಾತು ಹೇಳಿದ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

"ಅವತ್ತು ಸಂಜೀಕ ನಾ ಹಿತ್ತಲದಾಗ ಇದ್ದೆ. ಅಕಿ ಕರದ್ಲು ಅವ್ವಾ. ಬಾವಿ ಕಡಿಂದ. ಶೀನೂ ಅಂತ. ಒಮ್ಮೆ."

ಅವಳ ಕೈಯಿಂದ ಸೆರಗು ಜಾರಿತು.

"ನೀ ಹೇಳಿದ್ದಿ. ದೀಪ ಹಚ್ಚಿದ ಮ್ಯಾಲೆ ಯಾರ ಕರದ್ರೂ ಮೂರನೇ ಸಲಕ್ಕ ಓ ಅನ್ನಬೇಕು, ದೆವ್ವ ಮೂರ ಸಲ ಕರ್ಯಾಂಗಿಲ್ಲ ಅಂತ. ನಾ ಎರಡನೇದು ಬರ್ಲಿ ಅಂತ ನಿಂತೆ. ಬರ್ಲಿಲ್ಲ. ಒಳಗ ಬಂದು ಉಂಡೆ."

ಎಲ್ಲೋ ಒಂದು ಟಿಟ್ಟಿಭ ಹಕ್ಕಿ ಕೂಗಿಕೊಂಡು ಹೋಯಿತು.

"ನಾನ ಕಲಿಸಿದ್ದೆ," ಎಂದಳು ಮಂದಾಕಿನಿ. ಅಷ್ಟೇ.

ಮರುದಿನ ಕತ್ತಲಾಗುವವರೆಗೆ ಅವರಿಬ್ಬರೂ ಮನೆಯಲ್ಲಿ ಇದ್ದೂ ಇಲ್ಲದಂತೆ ಇದ್ದರು. ಓಣಿ ಮಲಗಿತು. ಶ್ರೀನಿವಾಸ ಬಾವಿಗೆ ಹೋಗಲು ಎದ್ದ. ಮಂದಾಕಿನಿ ಬಾಗಿಲಿಗೆ ಅಡ್ಡ ಬಂದು ನಿಂತಳು.

"ಅಕಿ ಕರೀತಾಳ. ಓ ಅಂದು ಬಾ. ಅವತ್ತಿಂದು ಬಾಕಿ ಇದ್ದದ್ದು ಅಷ್ಟ. ಬ್ಯಾರೆ ಮಾತು ಆಡಬ್ಯಾಡ."

"ಹೂಂ."

ಅವಳು ಸರಿಯಲಿಲ್ಲ. ಅವನ ತೋಳು ಹಿಡಿದಳು.

"ಅಕಿ ಹೋದ್ಲಂದ್ರ... ನಾ ಯಾರನ್ನ ಕರೀಲೋ?"

ಅವನು ತೋಳು ಬಿಡಿಸಿಕೊಂಡು ಹೊರಟ.

ಗಾಳಿ ಇರಲಿಲ್ಲ. ಜೋಳದ ಎಲೆ ಅಲುಗುತ್ತಿರಲಿಲ್ಲ. ಬಾವಿಯ ಕಟ್ಟೆ ಬೆಳ್ಳಗೆ ಕಂಡಿತು. ಇನ್ನೂ ದೂರ ಇರುವಾಗಲೇ ಒಂದು ಸದ್ದು ಕೇಳಿತು. ನೀರಿಗೆ ಹನಿ ಬೀಳುವ ಸದ್ದು.

ತಟ್... ... ತಟ್... ...

ಅವನು ಎರಡು ಹೆಜ್ಜೆ ಮುಂದೆ ಇಟ್ಟ.

ತಟ್... ತಟ್... ತಟ್...

ನಿಂತ. ಒಂದು ಹೆಜ್ಜೆ ಹಿಂದೆ ಇಟ್ಟ. ಹನಿ ನಿಧಾನವಾಯಿತು. ಮುಂದೆ ಇಟ್ಟ. ಜೋರಾಯಿತು. ಗೋಡೆಯಾಚೆ ಕೂತು ರಾತ್ರಿಗಟ್ಟಲೆ ಕೇಳಿದ್ದ ಸದ್ದು ಅದು. ಅವನ ಮೈ ಹತ್ತಿರ ಬಂದದ್ದು ಬಾವಿಗೆ ತಿಳಿಯುತ್ತಿತ್ತು. ಹತ್ತಿರ ಹೋದವನು ಅದರಲ್ಲಿ ಒಬ್ಬ.

ಇಂಥಲ್ಲಿ ನಿಲ್ಲಬೇಕು ಎಂದು ಅವನಿಗೆ ಕಲಿಸಿದ್ದರು. ಎಣಿಕೆ ಏರಿತೆ, ಕೈ ಹಿಂದಕ್ಕೆ, ಕಾಲು ಹಿಂದಕ್ಕೆ. ಮುಂದೇನಾಗುತ್ತದೆ ನೋಡೋಣ ಎಂದವರೇ ಸತ್ತವರು. ಅವನು ಕಣ್ಣು ಮುಚ್ಚಿ ನಾಗೇಶನನ್ನು ನೆನೆದ. ಕಿಟಕಿಯ ಸರಳು ಹಿಡಿದ ಅವನ ಕೈ ನೆನೆದ. ಕಟ್ಟೆಯವರೆಗೂ ನಡೆದ.

ತಟ್ ತಟ್ ತಟ್ ತಟ್... ಟರ್ರ್...

ಒಮ್ಮೆಲೇ ನಿಂತಿತು.

"ಶೀನೂ..."

ಹುಡುಗಿಯ ದನಿ. ಕೆಳಗಿನಿಂದ. ಒಮ್ಮೆ.

ಇಷ್ಟು ವರ್ಷ ಬಾಯಲ್ಲೇ ಉಳಿದದ್ದು ಹೊರಗೆ ಬರಲು ಹೊತ್ತು ಹಿಡಿಯಿತು.

"ಓ," ಎಂದ.

ಏನೂ ಆಗಲಿಲ್ಲ. ಬಾವಿಯೊಳಗೆ ಯಾರೋ ಉಸಿರು ಬಿಟ್ಟಂತಾಯಿತು. ಬೇರೆ ಮಾತು ಆಡಬೇಡ ಎಂದು ಅವ್ವ ಹೇಳಿದ್ದಳು. ಆದರೆ ಬರೀ ಓ ಎಂದು ಹೋದರೆ ನಾಗೇಶನ ಗತಿ? ಅವನು ಕಟ್ಟೆಯ ಮೇಲೆ ಬಾಗಿದ. ಪಿಸುಗುಟ್ಟಿದ.

"ಅಕ್ಕಾ, ಇನ್ನ ಮ್ಯಾಲೆ ನನ್ನ ಬದಲಿ ಹೂಂ ಅನಬ್ಯಾಡ. ನಾ ದೊಡ್ಡಾಂವ ಆಗೀನಿ. ನಾ ಸುಮ್ಮನಿದ್ರ ನೀನೂ ಸುಮ್ಮನಿರು."

ಕತ್ತಲು. ನೀರು ಕಾಣುತ್ತಿರಲಿಲ್ಲ.

"ಅಕ್ಕಾ, ತಿಳೀತೇನು?"

ಆಮೇಲೆ ಕೆಳಗಿನಿಂದ ಬಂತು.

"ಹೂಂ."

ಅವನ ದನಿಯಲ್ಲ. ಅವಳದೇ. ಸಣ್ಣದು.

ಶ್ರೀನಿವಾಸ ಕಟ್ಟೆ ಹಿಡಿದು ನೆಟ್ಟಗಾದ. ಮನೆಯ ಕಡೆ ತಿರುಗಿದ. ಹುಳಗಳು ಮತ್ತೆ ಕೂಗತೊಡಗಿದವು. ಮುಗಿಯಿತು ಎಂದುಕೊಂಡ. ಹೊಲದ ಬದು ದಾಟಿದ.

"ಶೀನೂ, ಬಾರೋ... ಹೊತ್ತಾತು."

ಹಿಂದಿನಿಂದ. ಅಕ್ಕಂದಿರು ದಿನಾ ಕರೆಯುವ ಹಾಗೆ. ಊಟಕ್ಕೆ ಕರೆಯುವ ಹಾಗೆ.

"ಬಂದ್ನಿ ಅಕ್ಕಾ," ಎಂದ.

ಅಂದುಬಿಟ್ಟ. ವಿಚಾರ ಮಾಡಿ ಅಂದದ್ದಲ್ಲ. ನಮ್ಮ ಕಡೆ ಕರೆದರೆ ಬರುತ್ತೇನೆ ಎನ್ನುವವರಿಲ್ಲ. ಕೂತ ಜಾಗದಿಂದ ಏಳದಿದ್ದರೂ ಬಂದ್ನಿ ಎನ್ನುತ್ತೇವೆ. ಬಂದಾಯಿತು, ಅಲ್ಲಿದ್ದೇನೆ ಎಂಬ ಮಾತು ಅದು. ಹುಟ್ಟಿದಂದಿನಿಂದ ನಾಲಗೆಗೆ ಹತ್ತಿದ್ದು.

ಅವನು ಅಲ್ಲೇ ನಿಂತ. ಈಗ ಏನೋ ಹಿಡಿಯುತ್ತದೆ, ಎಳೆಯುತ್ತದೆ ಎಂದು ಕಾದ. ಏನೂ ಹಿಡಿಯಲಿಲ್ಲ. ಹಿಂದೆ ನೀರಿನಲ್ಲಿ ಸದ್ದೊಂದು ಆಯಿತು. ಬಿದ್ದ ಸದ್ದಲ್ಲ. ಯಾರೋ ಒಂದೊಂದೇ ಪಾವಟಿಗೆ ಇಳಿದು ನೀರಿಗೆ ಕಾಲಿಟ್ಟಂತೆ. ಛಳಕ್... ಛಳಕ್... ಅವನು ತಿರುಗಿ ನೋಡಲಿಲ್ಲ. ಓಡಿದ.

ಮಂದಾಕಿನಿ ಹೊಸ್ತಿಲ ಮೇಲೆ ಕೂತಿದ್ದಳು. ಅವನ ಮುಖ ಹಿಡಿದು ಚಿಮಣಿಯ ಬೆಳಕಿಗೆ ತಿರುಗಿಸಿ ನೋಡಿದಳು. ಎರಡೂ ಕೆನ್ನೆ ನೋಡಿದಳು. ಕೈ ನೋಡಿದಳು.

"ಓ ಅಂದ್ಯಾ?"

"ಅಂದೆ."

"ಬ್ಯಾರೆ ಏನರೆ?"

ಅವನು ಬಾಗಿ ಹೊಸ್ತಿಲ ಹತ್ತಿರ ಚಪ್ಪಲಿ ಬಿಟ್ಟ. ಅವಳು ಮತ್ತೆ ಕೇಳಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಚಿಲಕ ಹಾಕಿದಳು.

ಮುಂದಿನದು ಸ್ವಲ್ಪ. ಮುಂದಿನ ತಿಂಗಳು ಇಬ್ಬರೂ ಆ ಬೇರೆ ಜಾಗಕ್ಕೆ ಹೋದರು. ನಾಗೇಶ ತಿರುಪಿನ ಹತ್ತಿರ ನಿಂತ. ಮೊದಲ ದಿನ ಅವನ ಅಂಗೈ ಬೆವರಿಗೆ ತಿರುಪು ಜಾರುತ್ತಿತ್ತಂತೆ. ಒಂದು ಸಲ ಎಣಿಕೆ ತಪ್ಪಿತು. "ಶೀನೂ?" ಎಂದು ಕರೆದ. ಶ್ರೀನಿವಾಸ ಸುಮ್ಮನಿದ್ದ. ಗೋಡೆಯೂ ಸುಮ್ಮನಿತ್ತು. ನಾಗೇಶ ಕೈ ಹಿಂದಕ್ಕೆ ತೆಗೆದ. ಹೊರಗೆ ಬಂದು ಗೆಳೆಯನ ಬೆನ್ನಿಗೆ ಗುದ್ದಿ, "ಎಮ್ಮಿ ಸುಮ್ಮನಾತಲ್ಲೋ!" ಎಂದ. ಅಂದವನೇ ಅತ್ತುಬಿಟ್ಟ. ಈಗ ಅವನಿಗೆ ಮೊಮ್ಮಕ್ಕಳು. ಸೊಲ್ಲಾಪುರದಲ್ಲೇ ಇದ್ದಾನೆ. ಹೋಗಿ ಕೇಳಿ, ಹೇಳುತ್ತಾನೆ.

ಶ್ರೀನಿವಾಸ ಆಮೇಲೆ ಅದೇ ವಿದ್ಯೆ ಕಲಿಸುವವನಾದ. ಅವನ ಹುಡುಗರು ಯಾರೂ ಹೂಂ ಎನ್ನುವಂತಿಲ್ಲ. ಎಣಿಕೆಯ ಅಂಕಿಯನ್ನೇ ಬಾಯಿಬಿಟ್ಟು ಹೇಳಬೇಕು. ಆಚೆಯವನು ಅದನ್ನೇ ತಿರುಗಿ ಹೇಳಬೇಕು. ಯಾಕೆಂದು ಹುಡುಗರು ಕೇಳಿದರೆ, "ಹೂಂ ಯಾರು ಬೇಕಾದರೂ ಅನ್ನಬಹುದು," ಎನ್ನುತ್ತಿದ್ದ.

ಮಂದಾಕಿನಿ ಒಂದು ಸಂಜೆ ತಡೆಯದೆ ಶೀನೂ ಎಂದು ಕರೆದಳಂತೆ. ಏನೂ ಬರಲಿಲ್ಲ. ದೀಪ ಆರುವವರೆಗೆ ಹಿತ್ತಲ ಬಾಗಿಲಲ್ಲೇ ಕೂತಿದ್ದಳು. ಮತ್ತೆಂದೂ ಕರೆಯಲಿಲ್ಲ.

ಇನ್ನು ಬಾವಿಗೆ ಹೋದ ಮರುದಿನ ಬೆಳಗಿನದು. ಇದನ್ನು ಕೆಲವರು ಬಿಟ್ಟು ಹೇಳುತ್ತಾರೆ. ನಾನು ಬಿಡುವುದಿಲ್ಲ.

ಬೆಳಕು ಹರಿಯುವ ಮೊದಲು ಅಮೋಗಸಿದ್ಧ ಕುರಿ ಹೊಡೆದುಕೊಂಡು ಆ ದಾರಿಯಲ್ಲಿ ಹೋದ. ಸ್ವಲ್ಪ ಹೊತ್ತಿಗೆ ಕುರಿ ಬಿಟ್ಟು ಓಡಿ ಬಂದ. ಓಣಿಯೆಲ್ಲ ಏಳುವ ಹಾಗೆ ಕೂಗಿದ.

"ಬಾಯಾರ... ಬಾಯಾರ... ಶೀನಪ್ಪ ಬಾವಿಗಿ ಬಿದ್ದಾನ್ರಿ!"

ನಾವೆಲ್ಲ ಹೊರಗೆ ಬಂದೆವು. ಮಂದಾಕಿನಿಯ ಮನೆಯ ಬಾಗಿಲು ತೆರೆಯಿತು. ಚಹಾದ ಬಟ್ಟಲು ಹಿಡಿದು ಶ್ರೀನಿವಾಸನೇ ಹೊರಗೆ ಬಂದ. ಅಮೋಗಸಿದ್ಧ ಅವನನ್ನು ನೋಡಿ ನೆಲಕ್ಕೆ ಕುಕ್ಕರಿಸಿದ.

ಅಮೋಗಸಿದ್ಧನ ಕೈಯಲ್ಲಿ ಒಂದು ಜೊತೆ ಚಪ್ಪಲಿ ಇದ್ದವು. ಬಾವಿಯ ಕಟ್ಟೆಯ ಮೇಲೆ ಇದ್ದವಂತೆ. ಮುಖ ನೀರಿನ ಕಡೆಗೆ. ನೀಟಾಗಿ, ಗುಡಿಯ ಮುಂದೆ ಬಿಟ್ಟ ಹಾಗೆ.

ಶ್ರೀನಿವಾಸನ ಚಪ್ಪಲಿ ಅವನ ಮನೆಯ ಹೊಸ್ತಿಲ ಹತ್ತಿರವೇ ಇದ್ದವು. ಮಂದಾಕಿನಿ ಎರಡೂ ಜೊತೆ ಪಕ್ಕಪಕ್ಕ ಇಟ್ಟಳು. ಒಂದೇ ಅಳತೆ. ಎಡದ ಪಟ್ಟಿ ಹರಿದು ಮುಂಬೈಯ ದಾದರದಲ್ಲಿ ಹೊಲಿಸಿದ ಕೆಂಪು ದಾರ ಇದರಲ್ಲೂ ಇತ್ತು, ಅದರಲ್ಲೂ ಇತ್ತು. ಹಿಮ್ಮಡಿ ಸವೆದದ್ದೂ ಒಂದೇ ಕಡೆ.

"ನಾ ಬಂದ್ನಿ ಅಂದಿದ್ದೆ ಅವ್ವಾ," ಎಂದ ಶ್ರೀನಿವಾಸ. ನಾನು ಬಾಗಿ ಅಮೋಗಸಿದ್ಧ ತಂದ ಜೊತೆಯ ಒಳಗೆ ಕೈಯಿಟ್ಟೆ. ಬೆಳಗಿನ ಚಳಿ. ಕಟ್ಟೆಯ ಕಲ್ಲಿನ ಮೇಲೆ ಇಡೀ ರಾತ್ರಿ ಇದ್ದದ್ದು.

ಬೆಚ್ಚಗಿತ್ತು. ಕಾಲು ಆಗಷ್ಟೇ ತೆಗೆದಂತೆ.

ಈ ಕೈಯೇ ಇಟ್ಟದ್ದು. ನಡೆದದ್ದು ಇದು.